ಜೀಪಿನ ಕೀಗೆ ಹಾರ್ಪ್ ಸಾಕ್ಷಿ

ದೊಡ್ಡಪ್ಪನಿಗೆ ಕಿವಿ ಕೇಳುವುದಿಲ್ಲ ಎಂಬುದು ಮನೆಗೆ ಗೊತ್ತಾದದ್ದು ಒಂದು ಖಾಸಗಿ ಬಸ್ಸಿನಿಂದ. ಭಾಗಮಂಡಲದಿಂದ ಮಡಿಕೇರಿಗೆ ಹೊರಟಿದ್ದ ಬಸ್ಸು ಅವರ ಜೀಪಿನ ಹಿಂದೆ ತಿರುವಿನಿಂದ ತಿರುವಿಗೆ ಹಾರ್ನ್ ಹೊಡೆಯುತ್ತಲೇ ಬಂದಿತಂತೆ. ದೊಡ್ಡಪ್ಪ ರಸ್ತೆಯ ನಟ್ಟನಡುವೆ, ದನ ಹೊಡೆದುಕೊಂಡು ಹೋಗುವವರ ವೇಗದಲ್ಲಿ, ಬದಿಯ ತೋಟಗಳಲ್ಲಿ ಯಾರ ಕಾಳುಮೆಣಸು ಹೇಗೆ ಬಂದಿದೆ ಎಂದು ನೋಡುತ್ತಾ ಹೋಗುತ್ತಿದ್ದರು. ಕೊನೆಗೆ ಹೇಗೋ ಮುಂದೆ ನುಗ್ಗಿ ಬಸ್ಸನ್ನು ಅಡ್ಡ ನಿಲ್ಲಿಸಿದ ಡ್ರೈವರ್ ಇಳಿದು ಬಂದು ಬಾಯಿಗೆ ಬಂದದ್ದನ್ನೆಲ್ಲ ಬೈದ. ದೊಡ್ಡಪ್ಪ ಕಿಟಕಿಯಿಂದ ಕೈ ಚಾಚಿ, ಅವನ ಕೈ ಕುಲುಕಿ, ಮನೆಯಲ್ಲಿ ಎಲ್ಲರೂ ಸೌಖ್ಯವಾ ಎಂದು ವಿಚಾರಿಸಿದರು.

ಪಕ್ಕದ ಸೀಟಿನಲ್ಲಿ ಕೂತಿದ್ದಂತೆ ಹೇಳುತ್ತಿದ್ದೇನೆ. ನಾನು ಅಲ್ಲಿರಲಿಲ್ಲ. ಆ ಬಸ್ಸಿನಲ್ಲಿದ್ದವರ ಬಳಿ ಒಂದೊಂದು ಆವೃತ್ತಿ ಇದೆ. ಕೈ ಕುಲುಕಿದ್ದು ಒಬ್ಬರದ್ದು, ಸೌಖ್ಯ ವಿಚಾರಿಸಿದ್ದು ಇನ್ನೊಬ್ಬರದ್ದು. ಎರಡನ್ನೂ ಹೊಲಿದವರು ಯಾರು ಎಂದು ಕೇಳಿದರೆ ಬಹುಶಃ ನಾನೇ. ಮುಂದೆ ಬರುವುದನ್ನೂ ಓದುವವರು ಇದೇ ಎಚ್ಚರದಲ್ಲಿ ಓದಿದರೆ ನನಗೆ ಸಮಾಧಾನ.

ಸಂಜೆಯೊಳಗೆ ಸುದ್ದಿ ಅಕ್ಕನಿಗೆ ಮುಟ್ಟಿತು. ಅಕ್ಕ ಎಂದರೆ ದೊಡ್ಡಪ್ಪನ ಮಗಳು. ತೋಟದ ನಡುವಿನ ಮನೆಯ ಅರ್ಧಭಾಗವನ್ನು ಹೋಂಸ್ಟೇ ಮಾಡಿ ನಡೆಸುತ್ತಿರುವವಳು, ಮಾತು ಕಡಿಮೆ, ಹಟ ಜಾಸ್ತಿ. ಅವಳು ಜೀಪಿನ ಕೀ ಕೇಳಿದಳು. ದೊಡ್ಡಪ್ಪ ಕೊಡಲಿಲ್ಲ.

ಆ ಕೀ ಯಾಕೆ ಅಷ್ಟು ದೊಡ್ಡದು ಎಂದು ಊರಿನ ಹೊರಗಿನವರಿಗೆ ಹೇಳಬೇಕಾಗುತ್ತದೆ. ನಮ್ಮ ಕಡೆ ಮುಖ್ಯರಸ್ತೆಯಿಂದ ಮನೆಗಳು ಒಳಗೊಳಗೆ ಇರುತ್ತವೆ. ಯಾರಿಗೆ ಹೆರಿಗೆ ನೋವು ಬಂದರೂ, ಯಾರಿಗೆ ಹಾವು ಕಚ್ಚಿದರೂ, ಮೊದಲು ಸ್ಟಾರ್ಟ್ ಆಗುತ್ತಿದ್ದದ್ದು ದೊಡ್ಡಪ್ಪನ ಜೀಪು. ನಮ್ಮ ಓಣಿಯಲ್ಲಿ ಈಗ ಮದುವೆಯ ವಯಸ್ಸಿಗೆ ಬಂದವರಲ್ಲಿ ಎಷ್ಟೋ ಮಂದಿ ಆ ಜೀಪಿನ ಹಿಂಬದಿಯ ಬೆಂಚಿನಲ್ಲಿ ಕೂತ ಗರ್ಭಿಣಿಯ ಹೊಟ್ಟೆಯಲ್ಲಿ ಆಸ್ಪತ್ರೆಗೆ ಹೋದವರೇ. ಕೀ ಹೋದರೆ ಅವರು ಜನರನ್ನು ಕರೆದೊಯ್ಯುವವರಲ್ಲ, ಯಾರಾದರೂ ಕರೆದೊಯ್ಯಲಿ ಎಂದು ಗೇಟಿನ ಹತ್ತಿರ ಕಾಯುವವರು. ಅಷ್ಟೇ ವ್ಯತ್ಯಾಸ. ಕೀ ಬಿಡದಿರಲು ಅವರಿಗೆ ಅದು ಸಾಕಾಗಿತ್ತು.

ಕಿವಿ ಹೋಗುವುದನ್ನು ನಮ್ಮ ಕಡೆ ಯಾರೂ ಕಾಯಿಲೆಯೆಂದು ಎಣಿಸುವುದಿಲ್ಲ. ಕೋವಿ ಪೂಜೆಯ ಹಬ್ಬ ಕೈಲ್ ಮುಹೂರ್ತಕ್ಕೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು, ಮನೆಯಲ್ಲಿ ಸಾವಾದರೆ ಊರಿಗೆ ತಿಳಿಸಲು ಗುಂಡು. ಕೋವಿಯನ್ನು ಬಲ ಭುಜಕ್ಕೆ ಒತ್ತಿಕೊಳ್ಳುವವರಿಗೆ ಎಡಗಿವಿ ಮೊದಲು ಹೋಗುತ್ತದೆ, ಕೊಳವೆಯ ಕಡೆಗೆ ತೆರೆದಿರುವುದು ಅದೇ ಆದ್ದರಿಂದ. ಬಲಗಿವಿಯನ್ನು ಮಳೆಗಾಲದಲ್ಲಿ ಕಳೆ ಕೊಚ್ಚುವ ಮೆಷಿನ್ ನೋಡಿಕೊಳ್ಳುತ್ತದೆ. ಅರವತ್ತು ದಾಟಿದ ಗಂಡಸರು ಇಲ್ಲಿ ಒಬ್ಬರಿಗೊಬ್ಬರು ಕೂಗಿಕೊಂಡೇ ಮಾತಾಡುತ್ತಾರೆ. ಪ್ರವಾಸಿಗಳು ಅದನ್ನು ಜಗಳವೆಂದೋ ಶೌರ್ಯವೆಂದೋ ಬರೆದುಕೊಂಡು ಹೋಗುತ್ತಾರೆ. ದೊಡ್ಡಪ್ಪ ಮಾತ್ರ ಕೂಗುವವರಲ್ಲ. ಎದುರಿಗೆ ಕೂತವರ ತುಟಿ ಓದಲು ಅವರು ಯಾವಾಗಲೋ ಕಲಿತುಬಿಟ್ಟಿದ್ದರು. ಹಾಗಾಗಿ ಜಗಲಿಯಲ್ಲಿ ಅವರ ಜೊತೆ ನಮ್ಮ ಮಾತು ಎಂದಿನ ಸದ್ದಿನಲ್ಲೇ ನಡೆಯುತ್ತಿತ್ತು, ನಮಗೂ ಏನೂ ಗೊತ್ತಾಗಿರಲಿಲ್ಲ.

ಅಪ್ಪ ಮಗಳ ನಡುವೆ ಒಂದು ಒಪ್ಪಂದವಾಯಿತು. ಮಡಿಕೇರಿಯಲ್ಲಿ ಸರ್ಕಾರಿ ಕೆಲಸದಿಂದ ನಿವೃತ್ತರಾದ ಡಾಕ್ಟರೊಬ್ಬರಿದ್ದಾರೆ. ನಮ್ಮ ಮನೆಯಲ್ಲಿ ಅವರ ಮಾತೇ ಕೊನೆ.

"ಡಾಕ್ಟ್ರು ಅಪ್ಪಂಗೆ ಕೇಳ್ತದೆ ಅಂತ ಒಂದು ಮಾತು ಹೇಳ್ಲಿ," ಎಂದಳು ಅಕ್ಕ. "ಮತ್ತೆ ನಂದೇನೂ ಇಲ್ಲೆ. ಕೀ ನಿಮ್ಮದೇ."

"ಹೇಳುವೊ," ಎಂದರು ದೊಡ್ಡಪ್ಪ.

ಆದರೆ ಪರೀಕ್ಷೆಗೆ ಹೋಗಲು ಸುತರಾಂ ಒಪ್ಪಲಿಲ್ಲ. ಕಿವಿಗೆ ಡಬ್ಬಿ ಮುಚ್ಚಿ ಕೂರಿಸಿ, ಕೇಳಿದಾಗ ಬೆರಳೆತ್ತಿ ಎನ್ನುತ್ತಾರಂತೆ, ಶಾಲೆಯಲ್ಲೇ ಬೆರಳೆತ್ತಿದವರಲ್ಲ ತಾವು, ಎಂದರು. ಬದಲಿಗೆ ಒಂದು ಸಂಜೆ ನನ್ನನ್ನು ಜಗಲಿಯಲ್ಲಿ ಎದುರು ಕೂರಿಸಿಕೊಂಡರು.

"ನೀ ಭಾನುವಾರ ಡಾಕ್ಟ್ರ ಜೊತೆ ಕರ್ನಲ್ ಮನೆಗೆ ಹೋಗುದುಟ್ಟಲ್ಲ. ಎಂತ ಅಲ್ಲಿ?"

"ಹಾಡು ಕೇಳುದು, ದೊಡ್ಡಪ್ಪ."

"ಹಾಡೊಕಾ?"

"ಬೇಡ. ಬರೀ ಕೇಳುದು."

"ಕುಣಿಯೊಕಾ?"

"ಎಂತದೂ ಬೇಡ. ಕಣ್ಣು ಮುಚ್ಚಿ ಕೂತರೆ ಆತ್."

ಅವರು ಅಂಗಳದಲ್ಲಿ ನಿಂತಿದ್ದ ಜೀಪು ನೋಡಿದರು. "ನಾನೂ ಬನ್ನೆ," ಎಂದರು.

ಹಾಡು ಕೇಳುವ ಕೂಟಕ್ಕೆ ವಾರವಾರ ಹೋಗುವ ಮನುಷ್ಯ ಕಿವುಡನಾಗಿರಲು ಹೇಗೆ ಸಾಧ್ಯ? ಇದು ಅವರ ಲೆಕ್ಕ. ನನಗೆ ಆಗ ಇದು ಹುಚ್ಚು ಲೆಕ್ಕ ಎನ್ನಿಸಿತ್ತು. ನಮ್ಮ ಕೂಟವನ್ನು ನಾನು ಸರಿಯಾಗಿ ಅರ್ಥ ಮಾಡಿಕೊಂಡಿರಲಿಲ್ಲ.

ಕೂಟದ ಬಗ್ಗೆ ಹೇಳುತ್ತೇನೆ. ಭಾಗಮಂಡಲ ರಸ್ತೆಯಲ್ಲೇ, ಮಡಿಕೇರಿಗೆ ಹತ್ತಿರ, ನಿವೃತ್ತ ಕರ್ನಲ್ ಒಬ್ಬರ ತೋಟವಿದೆ. ಕೊಡಗನ್ನು ಭಾರತದ ಸ್ಕಾಟ್ಲೆಂಡ್ ಎಂದು ಟ್ಯಾಕ್ಸಿಗಳ ಹಿಂದೆ, ಜೇನಿನ ಬಾಟಲಿಗಳ ಮೇಲೆ ಬರೆದಿರುವುದನ್ನು ನಾವೆಲ್ಲ ನೋಡಿದ್ದೇವೆ, ಮರೆತಿದ್ದೇವೆ. ಕರ್ನಲ್ ಮಾತ್ರ ಅದನ್ನು ನಂಬಿದರು. ಸೈನ್ಯದಲ್ಲಿ ಬ್ಯಾಗ್‌ಪೈಪ್ ಕೇಳಿ ಕೇಳಿ ಅವರಿಗೆ ಐರ್ಲೆಂಡ್, ಸ್ಕಾಟ್ಲೆಂಡುಗಳ ಕೆಲ್ಟಿಕ್ ಸಂಗೀತ ಹುಟ್ಟುಹಕ್ಕಿನಂತೆ ಕಾಣತೊಡಗಿತ್ತು. "ಮಂಜು, ಬೆಟ್ಟ, ಕುಡಿತ, ಜಮೀನಿನ ತಗಾದೆ. ಅವರಿಗೂ ನಮಗೂ ಏನು ವ್ಯತ್ಯಾಸ ಹೇಳಿ?" ಎನ್ನುತ್ತಿದ್ದರು. ಐರ್ಲೆಂಡಿಗೂ ಸ್ಕಾಟ್ಲೆಂಡಿಗೂ ಇರುವ ವ್ಯತ್ಯಾಸವನ್ನು ಅವರ ಮುಂದೆ ಯಾರೂ ಎತ್ತುತ್ತಿರಲಿಲ್ಲ.

ಡಾಕ್ಟರದ್ದು ನ್ಯೂ ಏಜ್. ತಿಮಿಂಗಿಲದ ಕೂಗು, ಟಿಬೆಟಿನ ಬಟ್ಟಲು, ಸಿಂಥಸೈಜರಿನ ಒಂದೇ ಸ್ವರ ಗಂಟೆಗಟ್ಟಲೆ. ಕ್ಯಾಲಿಫೋರ್ನಿಯಾದ ಗಡ್ಡದ ಕಲಾವಿದರೊಬ್ಬರು ಗುಹೆಯೊಳಗೆ ಕೂತು ನುಡಿಸಿದ ಕೊಳಲು ಯಕೃತ್ತಿಗೆ ಒಳ್ಳೆಯದು ಎಂದು ಅವರು ಹೇಳುತ್ತಿದ್ದರು. ಇಡೀ ಜೀವಮಾನ ಜನರಿಗೆ ಬಿಳಿ ಮಾತ್ರೆ ಬರೆದುಕೊಟ್ಟವರು, ನಿವೃತ್ತರಾದ ಮೇಲೆ ಕಂಪನಗಳನ್ನು ನಂಬಿದ್ದರು. ಈ ಸಂಗೀತದ ಕಲಾವಿದರಿಗೆ ಹೆಸರಿಗಿಂತ ಮುಖ್ಯ ಅವರು ಎಲ್ಲಿ ಏಕಾಂತದಲ್ಲಿದ್ದರು ಎಂಬುದು. ಒಬ್ಬರು ಗುಡಿಸಲಿನಲ್ಲಿ, ಒಬ್ಬರು ದೀಪಸ್ತಂಭದಲ್ಲಿ, ಒಬ್ಬರು ಮರುಭೂಮಿಯಲ್ಲಿ. ಏಕಾಂತದಲ್ಲಿ ಅವರ ಜೊತೆ ಯಾವಾಗಲೂ ಒಬ್ಬ ಫೋಟೋಗ್ರಾಫರ್ ಇರುತ್ತಿದ್ದ.

ಮೂರನೆಯವರು ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲಿ ಪಾಠ ಮಾಡುವ ಒಬ್ಬ ಮೇಡಂ. ಅವರದ್ದು ನಿಯೋಕ್ಲಾಸಿಕಲ್. ಉತ್ತರ ಯುರೋಪಿನ ಯುವಕರು ಪಿಯಾನೋದ ಸುತ್ತಿಗೆಗಳ ಮೇಲೆ ಉಣ್ಣೆ ಬಟ್ಟೆ ಹೊದಿಸಿ, ಮೈಕನ್ನು ಒಳಗೆ ತುರುಕಿ, ಸ್ವರಕ್ಕಿಂತ ಹೆಚ್ಚಾಗಿ ಮರದ ಕಿರುಗುಟ್ಟುವಿಕೆಯನ್ನು ಕೇಳಿಸುವಂತೆ ನುಡಿಸುತ್ತಾರೆ. ಎರಡು ಸ್ವರ, ಮೌನ, ಮತ್ತೆ ಅವೇ ಎರಡು ಸ್ವರ. ಇದನ್ನು ಮೇಡಂ ವಿವರಿಸುವಾಗ ನಮಗೆ ನಮ್ಮ ಬಾಲ್ಯ ಎಷ್ಟು ಗದ್ದಲದ್ದಾಗಿತ್ತು ಎಂದು ನಾಚಿಕೆಯಾಗುತ್ತಿತ್ತು.

ನಾನು ಇಷ್ಟೆಲ್ಲ ಕುಟುಕುತ್ತಿದ್ದರೂ ಸಂಗೀತವನ್ನು ದೂರುತ್ತಿಲ್ಲ. ಒಂದು ಭಾನುವಾರ ಕರ್ನಲ್ ಐರ್ಲೆಂಡಿನ ಪೈಪ್ ಹಾಕಿದರು. ಬಾಯಿಂದ ಊದುವುದಲ್ಲ, ಕಂಕುಳಲ್ಲಿ ತಿದಿ ಇಟ್ಟು ಮೊಣಕೈಯಿಂದ ಒತ್ತಿ ನುಡಿಸುವುದು. ವೇಗದ ಕುಣಿತವಲ್ಲ, ನಿಧಾನದ್ದು, ಹಾಡುವವರಿಲ್ಲದ ಹಾಡು. ಕೆಳಗೆ ಒಂದೇ ಶ್ರುತಿ ಗೊರಗುಟ್ಟುತ್ತಾ ಇರುತ್ತದೆ, ಮೇಲಿನ ರಾಗ ಅದನ್ನು ಬಿಟ್ಟು ಹೋಗಲು ನೋಡಿ ನೋಡಿ ಸೋತು ಅದರ ಹತ್ತಿರ ಬಂದು ನಿಲ್ಲುತ್ತದೆ. ಅದು ಇನ್ನೊಮ್ಮೆ ಸೋತು ಬರಲಿ ಎಂದು ನಾನು ಕಾದೆ. ಆ ಸಂಗೀತಗಾರ ಯಾರು, ಯಾವ ಊರಿನವರು, ಏಕಾಂತದಲ್ಲಿದ್ದರೋ ಮಕ್ಕಳ ಗಲಾಟೆಯಲ್ಲೋ, ನನಗೆ ಬೇಕಾಗಲಿಲ್ಲ. ಅದು ಮುಗಿದ ಕೂಡಲೇ ಡಾಕ್ಟರು, "ಮೂತ್ರಕೋಶಕ್ಕೆ," ಎಂದರು. ಅಲ್ಲಿಗೆ ಹೋಯಿತು.

ಇನ್ನೊಂದು ಸಂಗತಿ. ಕರ್ನಲ್ ಸೈನ್ಯದ ಫಿರಂಗಿ ದಳದಲ್ಲಿದ್ದವರು. ಡಾಕ್ಟರಿಗೂ ಕೋವಿ ಇತ್ತು, ಹಬ್ಬಗಳಿದ್ದವು. ಹೀಗಾಗಿ ಪಿಸುಮಾತಿನಂತೆ ನುಡಿಸಿದ ಪಿಯಾನೋವನ್ನು ನಾವು ಕೇಳುತ್ತಿದ್ದದ್ದು ಕಿಟಕಿಯ ಗಾಜು ಅದುರುವ ಸದ್ದಿನಲ್ಲಿ. ಉಣ್ಣೆ ಹೊದ್ದ ಸುತ್ತಿಗೆಗಳು ನಮ್ಮ ಮೇಲೆ ಮರದ ದಿಮ್ಮಿಯಂತೆ ಬೀಳುತ್ತಿದ್ದವು. ಮೇಡಂ ಮೊದಮೊದಲು ವಾಲ್ಯೂಮ್ ಕಡಿಮೆ ಮಾಡಲು ಹೇಳಿ ನೋಡಿದರು. ಆಮೇಲೆ ಪರ್ಸಿನಲ್ಲಿ ಹತ್ತಿ ಇಟ್ಟುಕೊಂಡು ಬರತೊಡಗಿದರು. ಅಂದರೆ ಕೋಣೆಯಲ್ಲಿ ಆರೋಗ್ಯವಂತ ಕಿವಿ ಇದ್ದ ಒಬ್ಬರೂ ಅದಕ್ಕೆ ಹತ್ತಿ ತುರುಕಿಕೊಂಡಿದ್ದರು. ನನ್ನ ಕಿವಿ ಇಲ್ಲಿ ಲೆಕ್ಕಕ್ಕಿಲ್ಲ. ಅದರ ಯೋಗ್ಯತೆ ಮುಂದೆ ಗೊತ್ತಾಗುತ್ತದೆ.

ಇಂಥ ಸಭೆಗೆ ದೊಡ್ಡಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಜೀಪನ್ನು ತಾವೇ ಓಡಿಸಿಕೊಂಡು ಬಂದರು. ಪಕ್ಕದಲ್ಲಿ ನಾನು, ಪ್ರತಿ ತಿರುವಿನಲ್ಲೂ ಹಿಂದೆ ತಿರುಗಿ ನೋಡುತ್ತಾ.

ಅವರು ಮೊದಲ ದಿನವೇ ಗೆದ್ದರು. ಡಾಕ್ಟರ ಎದುರಿನ ಕುರ್ಚಿ ಹಿಡಿದು ಕೂತು, ಒಂದು ಕಣ್ಣನ್ನು ಪೂರ್ತಿ ಮುಚ್ಚಿ, ಇನ್ನೊಂದನ್ನು ಎಳೆಯಷ್ಟು ತೆರೆದಿಟ್ಟರು. ಡಾಕ್ಟರು ತಲೆಯಾಡಿಸಿದರೆ ಸ್ವಲ್ಪ ಬಿಟ್ಟು ಇವರೂ ಆಡಿಸುವುದು. ಡಾಕ್ಟರು ನಿಟ್ಟುಸಿರಿಟ್ಟರೆ ಇವರೂ. ಡಾಕ್ಟರು ಎದೆಗೆ ಕೈ ಇಟ್ಟುಕೊಂಡರೆ ಇವರು ಇನ್ನೊಂದು ಕೈಯಿಂದ ಇಟ್ಟುಕೊಳ್ಳುವುದು, ಕಾಪಿ ಹೊಡೆದಂತೆ ಕಾಣಬಾರದಲ್ಲ.

"ನೋಡಿ, ನಮಗೆಲ್ಲ ಸಂಗೀತ ಕಿವಿಗೆ ಮುಟ್ಟಿದ ತಕ್ಷಣ ಮುಖದಲ್ಲಿ ಕಾಣಿಸ್ತದೆ," ಎಂದರು ಮೇಡಂ, ಚಹಾ ಬಂದ ಮೇಲೆ. "ಇವರಿಗೆ ಅದು ಒಳಗೆ ಹೋಗಿ, ಒಂದು ಸುತ್ತು ಹಾಕಿ, ಆಮೇಲೆ ಕಾಣಿಸ್ತದೆ. ಡೀಪ್ ಲಿಸನಿಂಗ್ ಅಂದ್ರೆ ಇದು."

"ತೋಟದವರಲ್ವಾ," ಎಂದರು ಕರ್ನಲ್. "ಮಣ್ಣಿನ ಗುಣ."

ದೊಡ್ಡಪ್ಪ ಮೇಡಂ ತುಟಿ ನೋಡಿ, ಕರ್ನಲ್ ತುಟಿ ನೋಡಿ, ವಿನಯದಿಂದ ಬಿಸ್ಕತ್ತು ತೆಗೆದುಕೊಂಡರು.

ವಾರಗಳು ಕಳೆದ ಹಾಗೆ ಅವರ ಖ್ಯಾತಿ ಬೆಳೆಯಿತು. ಉಳಿದವರು ಕೇಳುವಾಗ ಕೆಮ್ಮುತ್ತಿದ್ದರು, ಕುರ್ಚಿ ಎಳೆಯುತ್ತಿದ್ದರು, ಕಿಟಕಿಯ ಹೊರಗೆ ಕೆಲಸದವರು ಎಂತ ಮಾಡುತ್ತಿದ್ದಾರೆ ಎಂದು ಕತ್ತು ಚಾಚುತ್ತಿದ್ದರು. ಯಾವ ಸದ್ದಿನಿಂದಲೂ ವಿಚಲಿತರಾಗದವರು ಅವರೊಬ್ಬರೇ. ಒಮ್ಮೆ ಅಡುಗೆಮನೆಯಲ್ಲಿ ಪಾತ್ರೆಗಳ ರಾಶಿ ಉರುಳಿ ಎಲ್ಲರೂ ಬೆಚ್ಚಿದಾಗಲೂ ಅವರ ಮುಖದಲ್ಲಿ ಐಸ್‌ಲ್ಯಾಂಡಿನ ಹಿಮ ಕದಲಲಿಲ್ಲ. ಕರ್ನಲ್ ನನಗೆ ಮೊಣಕೈಯಿಂದ ತಿವಿದು ತೋರಿಸಿದರು. ಡಾಕ್ಟರು ದೊಡ್ಡಪ್ಪನ ಅಭಿಪ್ರಾಯ ಕೇಳತೊಡಗಿದರು. ಹಾರ್ಪ್ ಎಂಬ ತಂತಿವಾದ್ಯ ಹೇಗಿತ್ತು ಎಂದರೆ ಅವರು ಸ್ವಲ್ಪ ಯೋಚಿಸಿ, "ಹೇಳಿಕೆ ಆದುಲೆ," ಎನ್ನುತ್ತಿದ್ದರು, ಮಾತಿನಲ್ಲಿ ಹೇಳಲಾಗದು ಎಂದು. ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ಆ ಕೋಣೆಯಲ್ಲಿ ಯಾರೂ ಮಾಡಿರಲಿಲ್ಲ.

ಅಕ್ಕ ಮಾತ್ರ ನಂಬಲಿಲ್ಲ. ಅವಳ ಹೋಂಸ್ಟೇಯಲ್ಲಿ ಬೆಳಗಿನ ತಿಂಡಿಗೆ ಇದೇ ಜಾತಿಯ ಸಂಗೀತ ಹಾಕುತ್ತಾಳೆ. ಅತಿಥಿಗಳು ಕಾಡಿನ ಸದ್ದು ಕೇಳಲು ಬಂದಿರುತ್ತಾರೆ. ನಿಜವಾದ ತೋಟದಲ್ಲಿ ಆ ಹೊತ್ತಿಗೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮೆಷಿನ್ನು, ಮಿಕ್ಸಿ ಮತ್ತು ಬೈಗುಳ ಮಾತ್ರ ಕೇಳುವುದರಿಂದ ಅವಳು ಹಕ್ಕಿ, ತೊರೆ, ಬಿದಿರುಕೊಳಲು ಇರುವ ರೆಕಾರ್ಡನ್ನು ಅದರ ಮೇಲೆ ಹೊದಿಸುತ್ತಾಳೆ. ಸಂಗೀತ ಏನೇನನ್ನು ಮುಚ್ಚಿಡಬಲ್ಲದು ಎಂದು ಅವಳಿಗೆ ಚೆನ್ನಾಗಿ ಗೊತ್ತು.

"ಡಾಕ್ಟ್ರು ಬಾಯಿ ಬಿಟ್ಟು ಹೇಳ್ದೊವಾ?" ಎಂದು ನನ್ನನ್ನು ಕೇಳಿದಳು.

"ಇನ್ನೂ ಇಲ್ಲೆ. ಆದ್ರೆ ದೊಡ್ಡಪ್ಪನನ್ನ ಹೊಗಳ್ತಾ ಒಳೊ."

"ಹೊಗಳಿಕೆ ಬೇಡ. ಮೊನ್ನೆ ಗೇಟಲ್ಲಿ ಜೀಪ್ ಹಿಂದೆ ತೆಗಿಯುವಾಗ ನಾ ಕೂಗಿದೆ. ಅಪ್ಪ ನಿಲ್ಸುಲೆ. ಗೆಸ್ಟ್‌ನ ಮಗು ಹಿಂದೆ ನಿಂತಿತ್ತ್. ಅದ್ರ ಅವ್ವ ಎಳ್ಕೊಂಡ್ಳು, ಅಷ್ಟೇ. ಬರುವ ಭಾನುವಾರ ನಾನೂ ಬನ್ನೆ. ಡಾಕ್ಟ್ರನ್ನ ನಾನೇ ಕೇಳ್ನೆ," ಎಂದಳು.

ಅದು ಕಾಫಿ ಹಣ್ಣು ಕೊಯ್ದು ಒಣಗಿಸುವ ಕಾಲ. ಕರ್ನಲ್ ಮನೆಯ ಹಿಂದಿನ ಸಿಮೆಂಟು ಕಣದ ತುಂಬ ಹಣ್ಣು ಹರಡಿತ್ತು. ಒಳಗೆ ಹಾಲ್‌ನಲ್ಲಿ ನಾವು. ಬಾಗಿಲ ಬಳಿಯ ಕುರ್ಚಿಯಲ್ಲಿ ಅಕ್ಕ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಆಸ್ಪತ್ರೆಯಲ್ಲಿ ಸರದಿಗೆ ಕಾಯುವವರಂತೆ.

ಆ ದಿನ ಮೇಡಂ ಸರದಿ. ಹೊಸ ರೆಕಾರ್ಡು, ಪಿಯಾನೋ, ಕಲಾವಿದೆ ಬಾಲ್ಟಿಕ್ ಕಡೆಯವರು. "ಇದರಲ್ಲಿ ಸಂಗೀತ ಎಲ್ಲಿ ಶುರುವಾಗ್ತದೆ ಅಂತ ಗೊತ್ತಾಗಬಾರದು," ಎಂದು ಮೇಡಂ ಪೀಠಿಕೆ ಹಾಕಿದರು. "ಮೊದಲು ಬಹುತೇಕ ಏನೂ ಇಲ್ಲ. ಸ್ವರ ಬರುವ ಮೊದಲಿನ ಗಾಳಿ. ಅದನ್ನ ಹಿಡೀಬೇಕು." ಹೇಳಿ, ಕಿವಿಗೆ ಹತ್ತಿ ಇಟ್ಟುಕೊಂಡರು.

ಕರ್ನಲ್ ಫೋನ್ ಒತ್ತಿದರು. ಎಲ್ಲರೂ ಕಣ್ಣು ಮುಚ್ಚಿದೆವು.

ಬಹುತೇಕ ಏನೂ ಇರಲಿಲ್ಲ. ಸ್ವರ ಬರುವ ಮೊದಲಿನ ಗಾಳಿ ಇತ್ತು. ನಾನು ಅದನ್ನು ಹಿಡಿದೆ. ಆಮೇಲೆ ಬಹಳ ಕೆಳಗೆ, ಎಡಗಡೆಯಿಂದ, ಒಂದು ಮಂದ್ರ ಸ್ವರ ಬಂತು. ಬಂದದ್ದೇ ಹೋಗದೆ ನಿಂತಿತು. ಡಾಕ್ಟರು ನಿಟ್ಟುಸಿರಿಟ್ಟರು. ದೊಡ್ಡಪ್ಪನೂ, ಸ್ವಲ್ಪ ಬಿಟ್ಟು. ಕಣ್ಣು ಅರೆತೆರೆದು ನೋಡಿದರೆ ಕರ್ನಲ್ ಬೆರಳುಗಳು ಕುರ್ಚಿಯ ಕೈಯ ಮೇಲೆ ನಿಧಾನವಾಗಿ ಚಲಿಸುತ್ತಿದ್ದವು. ಅಂಥ ಶಾಂತಿಯನ್ನು ನಮ್ಮ ಕೂಟ ಹಿಂದೆಂದೂ ಕಂಡಿರಲಿಲ್ಲ. ಎಷ್ಟು ಹೊತ್ತು ಹಾಗೆ ಕೂತೆವೋ ತಿಳಿಯದು. ಅಕ್ಕ ಎದ್ದು ಹೊರಗೆ ಹೋದದ್ದು ಅರಿವಿಗೆ ಬಂತು, ಅವಳಿಗೆ ಇಂಥದ್ದು ಒಗ್ಗುವುದಿಲ್ಲ ಎಂದುಕೊಂಡೆ.

ಅವಳು ಮರಳಿ ಬಂದು ಬಾಗಿಲಲ್ಲೇ ನಿಂತಳು.

"ಅಂಕಲ್, ನಿಮ್ಮ ಹಾಡು ಕಣದಲ್ಲಿ ಬರ್ತಾ ಇದೆ."

ಯಾರಿಗೂ ಅರ್ಥವಾಗಲಿಲ್ಲ. ಕರ್ನಲ್ ಫೋನ್ ಕೈಗೆತ್ತಿಕೊಂಡು, ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಕಣದಲ್ಲಿ ಹಣ್ಣು ಚೆಲ್ಲಾಡುವ ಕೋತಿಗಳನ್ನು ಹೆದರಿಸಲೆಂದು ಅಲ್ಲಿ ಒಂದು ಸ್ಪೀಕರ್ ಇಟ್ಟಿದ್ದರು. ಬೆಳಿಗ್ಗೆ ಅದರಲ್ಲಿ ಹುಲಿಯ ಗರ್ಜನೆ ಹಾಕಿ, ಫೋನನ್ನು ಅದಕ್ಕೇ ಜೋಡಿಸಿ ಬಿಟ್ಟಿದ್ದರು. ಬಾಲ್ಟಿಕ್ ಪಿಯಾನೋ ಮೊದಲಿನಿಂದ ಕೊನೆಯವರೆಗೆ ಕೋತಿಗಳಿಗೆ ಕೇಳಿಸಿತ್ತು. ನಮ್ಮ ಹಾಲ್‌ನ ಸ್ಪೀಕರ್‌ನಿಂದ ಆ ಬೆಳಿಗ್ಗೆ ಒಂದೇ ಒಂದು ಸ್ವರ ಹೊರಟಿರಲಿಲ್ಲ.

"ಓಡಿದವಾ?" ಎಂದರು ಕರ್ನಲ್.

"ಇಲ್ಲ ಅಂಕಲ್. ಕೂತು ತಿಂತಾ ಇದ್ದಾವೆ."

ಆ ಮಂದ್ರ ಸ್ವರ ನನಗೆ ಇವತ್ತಿಗೂ ನೆನಪಿದೆ. ಗುನುಗಿ ತೋರಿಸಬಲ್ಲೆ. ಬಾಲ್ಯದ ಎಷ್ಟೋ ಸಂಗತಿಗಳನ್ನು ನಾನು ಇಷ್ಟೇ ಖಚಿತವಾಗಿ ಬರೆದು ಅಚ್ಚು ಹಾಕಿಸಿದ್ದೇನೆ ಎನ್ನುವುದು ಆಮೇಲೆ ಹೊಳೆಯಿತು.

ಮೇಡಂ ಮೊದಲು ಚೇತರಿಸಿಕೊಂಡರು. ಕಿವಿಯ ಹತ್ತಿ ತೆಗೆದು, "ಒಂದು ರೀತಿಯಲ್ಲಿ ಇದೇ ಆ ಕಲಾವಿದೆಯ ಉದ್ದೇಶ," ಎಂದರು.

"ಕಂಪನ ಗೋಡೆ ದಾಟಿ ಬರ್ತದೆ," ಎಂದರು ಡಾಕ್ಟರು. "ಕಿವಿಯೇ ಬೇಕು ಅಂತೇನಿಲ್ಲ."

ಅಕ್ಕ ಕಾಯುತ್ತಿದ್ದದ್ದು ಇದಕ್ಕೇ ಏನೋ. ಒಳಗೆ ಬಂದು ಡಾಕ್ಟರ ಮುಂದೆ ನಿಂತಳು.

"ಡಾಕ್ಟ್ರೇ, ಅಪ್ಪನಿಗೆ ಕಿವಿ ಕೇಳ್ತದಾ ಇಲ್ವಾ? ಒಂದು ಮಾತು ಹೇಳಿ. ಅವರು ಗಾಡಿ ಓಡಿಸ್ತಾರೆ."

ದೊಡ್ಡಪ್ಪ ಇಷ್ಟು ಹೊತ್ತಿಗೆ ಎರಡೂ ಕಣ್ಣು ತೆರೆದಿದ್ದರು. ಮಗಳ ಬೆನ್ನು ಅವರ ಕಡೆಗಿತ್ತು, ಅವಳು ಕೇಳಿದ್ದು ಕಾಣದು. ಡಾಕ್ಟರ ತುಟಿ ಮಾತ್ರ ಕಾಣುತ್ತಿತ್ತು. ಅದನ್ನೇ ನೋಡುತ್ತಾ ಕೂತರು.

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಅವರ ಕಷ್ಟ ಎಲ್ಲರಿಗೂ ಅರ್ಥವಾಗಿತ್ತು. ಈಗಷ್ಟೇ ಬಾರದ ಸಂಗೀತಕ್ಕೆ ನಿಟ್ಟುಸಿರಿಟ್ಟವರು, ಅದೇ ನಿಟ್ಟುಸಿರಿಟ್ಟ ಇನ್ನೊಬ್ಬರನ್ನು ಕಿವುಡರೆನ್ನುವುದು ಹೇಗೆ?

"ನಮಗೆ ಎಷ್ಟು ಕೇಳ್ತದೋ," ಎಂದರು, "ಅವರಿಗೂ ಅಷ್ಟು ಕೇಳ್ತದೆ."

ದೊಡ್ಡಪ್ಪ ಜೇಬಿನಿಂದ ಕೀ ತೆಗೆದು, ಒಮ್ಮೆ ಮೇಲೆ ಹಾರಿಸಿ ಹಿಡಿದು, ಮತ್ತೆ ಜೇಬಿಗೆ ಹಾಕಿಕೊಂಡರು.

ಕರ್ನಲ್ ಅವಸರವಸರವಾಗಿ ಚಹಾ ತರಿಸಿದರು. ಎಲ್ಲರೂ ಬಿಸಿಲಿನ ಬಗ್ಗೆ, ಕಾಫಿ ಒಣಗುವ ಬಗ್ಗೆ ಮಾತಾಡಿದೆವು. ಆ ದಿನ ಡಾಕ್ಟರ ಕಾರು ರಿಪೇರಿಗೆ ಹೋಗಿತ್ತು, ಅವರೂ ಮೇಡಂ ಇಬ್ಬರೂ ಮಡಿಕೇರಿಯಿಂದ ಆಟೋದಲ್ಲಿ ಬಂದಿದ್ದರು. ದೊಡ್ಡಪ್ಪನಿಗೆ ಅದು ಗೊತ್ತಿತ್ತು. ಗೆದ್ದ ಖುಷಿಯಲ್ಲಿ ಅಂಗಳಕ್ಕೆ ಹೋಗಿ ಜೀಪು ತಿರುಗಿಸಿ ನಿಲ್ಲಿಸಿ, ಇಂಜಿನ್ ಆರಿಸದೆ ಇಳಿದು ಬಂದು, ಹಿಂದಿನ ಬಾಗಿಲು ತೆರೆದು ಹಿಡಿದರು.

"ಬನ್ನಿ ಡಾಕ್ಟ್ರೆ. ಬಸ್‌ಸ್ಟ್ಯಾಂಡಿಗೆ ನಾನೇ ಬಿಡ್ನೆ. ಮೇಡಂ, ಬನ್ನಿ."

ಡಾಕ್ಟರು ಮೆಟ್ಟಿಲ ಮೇಲೆ ನಿಂತರು. ತನಗೆ ಸ್ವಲ್ಪ ನಡೆಯಬೇಕಾಗಿದೆ, ಶುಗರ್ ಇದೆ, ಎಂದರು. ಮಡಿಕೇರಿಯವರೆಗೆ ಆ ಏರು ಹತ್ತಿ ನಡೆಯುವ ಶುಗರ್ ಯಾರಿಗೂ ಇರಲಾರದು. ಮೇಡಂ ತಮಗೆ ಆಟೋ ಹೇಳಿ ಆಗಿದೆ ಎಂದರು. ಯಾವಾಗ ಹೇಳಿದರು ಎಂದು ಯಾರೂ ಕೇಳಲಿಲ್ಲ. ಕರ್ನಲ್ ಮಧ್ಯೆ ಬಂದು, ಇಬ್ಬರೂ ಊಟಕ್ಕೆ ನಿಲ್ಲುತ್ತಾರೆ ಎಂದರು. ಒಳಗಿನಿಂದ ಅವರ ಹೆಂಡತಿಯ ಮುಖ ಹೊರಗೆ ಬಂದು ನೋಡಿ ಹೋಯಿತು, ಊಟದ ಸುದ್ದಿ ಅವರಿಗೂ ಅದೇ ಮೊದಲು. ನಾನು ಒಂದು ಹೆಜ್ಜೆ ಮುಂದಿಟ್ಟು, ಚಪ್ಪಲಿ ಸರಿಮಾಡಿಕೊಳ್ಳುವವರಂತೆ ಬಗ್ಗಿದೆ.

ದೊಡ್ಡಪ್ಪ ಬಾಗಿಲು ಹಿಡಿದುಕೊಂಡೇ ಒಬ್ಬೊಬ್ಬರ ತುಟಿಯನ್ನೂ ನೋಡಿದರು. ಶುಗರ್, ಆಟೋ, ಊಟ. ಒಂದನ್ನೂ ಬಿಡದೆ ಓದಿದರು. ನಮ್ಮ ಕೂಟದಲ್ಲಿ ಅಷ್ಟು ವಾರಗಳಿಂದ ಯಾರೂ ಅಷ್ಟು ಗಮನವಿಟ್ಟು ಏನನ್ನೂ ಕೇಳಿರಲಿಲ್ಲ.

ಆಮೇಲೆ ಮಗಳ ಕಡೆ ತಿರುಗಿ ನಕ್ಕರು. "ನೀನೇ ಬಿಡು ಮಗಾ ಇವ್ರನ್ನ," ಎಂದರು. "ಇವ್ಕೆ ಯಾರ್ಗೂ ಕಿವಿ ಸರಿ ಇಲ್ಲೆ. ರೋಡಲ್ಲಿ ನಡ್ಕಂಡ್ ಹೋದ್ರೆ ಯಾವ್ದಾದ್ರೂ ಗಾಡಿಗೆ ಸಿಕ್ಕುವೊ." ಹೇಳಿ, ಸ್ಟೀರಿಂಗ್ ಕಡೆ ಕೈ ತೋರಿಸಿದರು.

ಹೀಗೆ ನಾನು ಇದನ್ನು ಅನೇಕರಿಗೆ ಹೇಳಿದ್ದೇನೆ. ಕೇಳಿದವರು ನಗುತ್ತಾರೆ, ಆಹಾ ಎಂಥ ಮನುಷ್ಯ ಎನ್ನುತ್ತಾರೆ. ಇದನ್ನು ಬರೆದು ಅಕ್ಕನಿಗೆ ಓದಿ ಹೇಳಿದಾಗ ಅವಳು ನಗಲಿಲ್ಲ.

"ಇಲ್ಲೆ, ಅಪ್ಪ ಅಂಗೆ ಹೇಳುಲೆ," ಎಂದಳು.

"ಮತ್ತೆ?"

"ಎಂತದೂ ಹೇಳುಲೆ. ಕೀ ಗಾಡೀಲೇ ಇತ್ತ್, ಇಂಜಿನ್ ಓಡ್ತಾ ಇತ್ತ್. ನಾ ಹೋಗಿ ಡ್ರೈವರ್ ಸೀಟಲ್ಲಿ ಕೂತೆ. ಡಾಕ್ಟ್ರು ಕೂಡ್ಲೆ ಬಂದ್ ಹತ್ತಿದೊ. ಮೇಡಮ್ಮೂ. ಎಲ್ಲ ಹತ್ತಿದ ಮೇಲೆ ಅಪ್ಪ ಹತ್ತಿದೊ."

ನನ್ನ ದೊಡ್ಡಪ್ಪನ ಬಾಯಿಗೆ ಆ ಮಾತನ್ನು ಇಟ್ಟವರು ಯಾರು ಎಂದು ಈಗ ಹುಡುಕಿ ಪ್ರಯೋಜನವಿಲ್ಲ. ಅವಳು ಹೇಳಿದ್ದೇ ಇರಬೇಕು. ಶುಗರ್ ಇದ್ದ ಡಾಕ್ಟರು ಅಷ್ಟು ಚುರುಕಾಗಿ ಜೀಪು ಹತ್ತಿದ್ದು ನನಗೂ ನೆನಪಿದೆ, ಆದರೆ ನನ್ನ ಕತೆಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಮುಂದಿನದ್ದರಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ದೊಡ್ಡಪ್ಪ ಹಿಂದಿನ ಬೆಂಚಿನಲ್ಲಿ, ಡಾಕ್ಟರಿಗೂ ಮೇಡಂಗೂ ನಡುವೆ, ಮೊಣಕಾಲು ಒತ್ತಿಕೊಂಡು ಕೂತರು. ಎದುರು ನಾನು. ಜೀಪು ಗೇಟು ದಾಟಿತು. ಎಲ್ಲರಿಗೂ ಏನಾದರೂ ಒಳ್ಳೆಯ ಮಾತಾಡಬೇಕು ಎನ್ನಿಸಿತ್ತು. ಡಾಕ್ಟರು ದೊಡ್ಡಪ್ಪನ ಭುಜದ ಮೇಲೆ ಕೈ ಹಾಕಿ, ಕಿವಿಯ ಹತ್ತಿರ ಬಾಯಿ ತಂದು, ಊರಿಗೆಲ್ಲ ಕೇಳುವಂತೆ ಕಿರುಚಿದರು:

"ಮುಂದಿನ ವಾರ ಹಾರ್ಪ್ ಇದೆ. ಹಾರ್ಪ್."

ಮೇಡಂ ಇನ್ನೊಂದು ಕಿವಿಗೆ, "ತಪ್ಪದೆ ಬನ್ನಿ," ಎಂದು ಕೂಗಿದರು, ಒಂದೊಂದು ಅಕ್ಷರ ಬಿಡಿಸಿ, ಮಕ್ಕಳಿಗೆ ಹೇಳುವಂತೆ.

ಅವತ್ತಿನವರೆಗೆ ಅವರ ಜೊತೆ ಯಾರೂ ಹಾಗೆ ಮಾತಾಡಿರಲಿಲ್ಲ. ಅವತ್ತಿನಿಂದ ಎಲ್ಲರೂ ಹಾಗೆಯೇ ಮಾತಾಡುತ್ತಾರೆ.

ದೊಡ್ಡಪ್ಪ ಎರಡೂ ಕಣ್ಣು ಮುಚ್ಚಿಕೊಂಡರು. ಈ ಸಲ ಎಳೆಯಷ್ಟೂ ತೆರೆದಿಡಲಿಲ್ಲ.

"ಮೆಲ್ಲ," ಎಂದರು. "ಮೆಲ್ಲ ಹೇಳಿ ಡಾಕ್ಟ್ರೆ."